ಒಲಿಂಪಿಕ್ಸ್ ಅಂಕಣಕ್ಕೆ ದಾರಿ ಯಾವುದು?

ಗದ್ದೆ ಕೊಯ್ಲು ಮುಗಿದು ಮಣ್ಣು ಗಟ್ಟಿಯಾದ ಮೇಲೆ ಹೊನ್ನಾವರದ ಬಳಿಯ ಹಳದೀಪುರದ ಸುತ್ತಮುತ್ತ ಸಂಜೆಯ ಶಟಲ್ ಆಟ ಶುರುವಾಗುತ್ತದೆ. ಎರಡು ಕಂಬ, ನಡುವೆ ಒಂದು ಬಲೆ, ಸುಣ್ಣದಲ್ಲಿ ಎಳೆದ ಗೆರೆ, ಮೇಲೆ ನಾಲ್ಕು ದೀಪ. ಆಡುವವರು ಮೊದಲು ಕಾಯುವುದು ಎದುರಾಳಿಗಲ್ಲ, ಕಡಲಗಾಳಿ ಇಳಿಯುವುದಕ್ಕೆ. ಗಾಳಿ ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಗರಿಯ ಕಾಕ್ ಬಿಟ್ಟು ಪ್ಲಾಸ್ಟಿಕ್ಕಿನದನ್ನೇ ಹಿಡಿಯುತ್ತಾರೆ. ಪಡುವಣದ ಕಡೆ ನಿಂತವನು ಸ್ವಲ್ಪ ಮೆಲ್ಲಗೆ ಹೊಡೆಯಬೇಕು, ಮೂಡಣದವನು ಜೋರಾಗಿ ಹೊಡೆಯಬೇಕು. ಈ ಲೆಕ್ಕ ಇಲ್ಲಿ ಎಂಟು ವರ್ಷದ ಹುಡುಗನಿಗೂ ಗೊತ್ತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದ್ದೂ ಇದೇ ಆಟವನ್ನೇ. ಅಂಕಣದ ಉದ್ದ 13.4 ಮೀಟರ್, ಅಗಲ 6.1 ಮೀಟರ್, ಬಲೆಯ ಎತ್ತರವೂ ಇಲ್ಲಿನಷ್ಟೇ. ಆದರೆ ಅಲ್ಲಿ ಗಾಳಿಯಿಲ್ಲ, ನೆತ್ತಿಯ ಮೇಲೆ ಎತ್ತರದ ಚಾವಣಿಯಿದೆ, ಕಾಕ್‌ನಲ್ಲಿ 16 ಗರಿಗಳಿವೆ. ಅಲ್ಲಿಗೆ ಹೋಗುವವರು ಜಗತ್ತಿನಲ್ಲೆಲ್ಲ ಸೇರಿ ಸುಮಾರು 170 ಮಂದಿ ಮಾತ್ರ. ಅವರು ಯಾರಾಗಬೇಕು ಎಂದು ಯಾರು ನಿರ್ಧರಿಸುತ್ತಾರೆ, ಯಾವ ಅಳತೆಯಿಂದ? ಮೂರು ದಶಕಗಳಿಂದ ಈ ಪ್ರಶ್ನೆಯ ಸುತ್ತ ವಾದ ನಡೆದಿದೆ. ಆ ವಾದಗಳನ್ನು ಒಂದೆಡೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಒಲಿಂಪಿಕ್ಸ್‌ಗೆ ಬರಲು ಹಿಡಿದ ಕಾಲ

ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ ಹುಟ್ಟಿದ್ದು 1934ರಲ್ಲಿ. ಒಲಿಂಪಿಕ್ಸ್ ಬಾಗಿಲು ತೆರೆಯಲು ಅದು ಬಹಳ ಕಾಲ ಕಾಯಬೇಕಾಯಿತು. 1972ರ ಮ್ಯೂನಿಕ್ ಕೂಟದಲ್ಲಿ ಪ್ರದರ್ಶನ ಕ್ರೀಡೆಯಾಗಿ ಆಡಿಸಿದರು. ಆಗ ಇಂಡೊನೇಷ್ಯಾದ ರೂಡಿ ಹಾರ್ಟೊನೊ ಗೆದ್ದರು. 1978ರಲ್ಲಿ ಸಂಸ್ಥೆಯೇ ಒಡೆದು ಎರಡಾಯಿತು, 1981ರಲ್ಲಿ ಮತ್ತೆ ಒಂದಾಯಿತು. 1985ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿಗೆ ಕೊಟ್ಟಿತು. 1988ರ ಸೋಲ್‌ನಲ್ಲಿ ಮತ್ತೊಮ್ಮೆ ಪ್ರದರ್ಶನ ನಡೆದು, 1992ರ ಬಾರ್ಸಿಲೋನಾದಲ್ಲಿ ಕೊನೆಗೂ ಪದಕ ಇಟ್ಟರು. ಮಿಶ್ರ ಡಬಲ್ಸ್ ಸೇರಿದ್ದು 1996ರಲ್ಲಿ.

ಈ ವಿಳಂಬ ಕನ್ನಡಿಗರಿಗೆ ನೇರವಾಗಿ ತಟ್ಟಿದೆ. ಹಳದೀಪುರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟು ಹೊನ್ನಾವರ, ಭಟ್ಕಳ, ಬೈಂದೂರು ದಾಟಿದರೆ ಮರವಂತೆಯ ಬಳಿ ಪಡುಕೋಣೆ ಸಿಗುತ್ತದೆ. ಆ ಊರಿನ ಹೆಸರನ್ನು ಜಗತ್ತಿಗೆ ಒಯ್ದವರು ಪ್ರಕಾಶ್ ಪಡುಕೋಣೆ. ಅವರು ಬೆಳೆದದ್ದು ಬೆಂಗಳೂರಿನಲ್ಲಿ. ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಕರಾವಳಿಯಿಂದ ಹೋದವರು ಕಟ್ಟಿಕೊಂಡ ಆ ಸಭಾಂಗಣದಲ್ಲಿ ಮದುವೆಗಳೂ ನಡೆಯುತ್ತಿದ್ದವು, ಮದುವೆಯಿದ್ದ ದಿನ ಅಭ್ಯಾಸವಿಲ್ಲ. ಅಲ್ಲಿಂದ ಎದ್ದ ಹುಡುಗ 1971ರಿಂದ 1979ರವರೆಗೆ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದರು. 1978ರಲ್ಲಿ ಕಾಮನ್‌ವೆಲ್ತ್ ಚಿನ್ನ ತಂದರು. 1980ರಲ್ಲಿ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಜಗತ್ತಿನ ಮೊದಲ ಸ್ಥಾನಕ್ಕೂ ಏರಿದರು.

ಅಂಥ ಆಟಗಾರ ಒಲಿಂಪಿಕ್ಸ್‌ನಲ್ಲಿ ಪದಕಕ್ಕಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವರ ಉತ್ತುಂಗದ ವರ್ಷಗಳಲ್ಲಿ ಒಲಿಂಪಿಕ್ಸ್‌ನಲ್ಲಿ ಈ ಆಟವೇ ಇರಲಿಲ್ಲ. ಅರ್ಹತೆ ಎಂದರೆ ಆಟಗಾರನ ಶಕ್ತಿಯಷ್ಟೇ ಅಲ್ಲ, ಕಾಲ ಮತ್ತು ನಿಯಮ ಸೇರಿ ತೆರೆಯುವ ಬಾಗಿಲು ಎಂಬುದಕ್ಕೆ ನಮ್ಮ ಕರಾವಳಿಯ ಹೆಸರೇ ಮೊದಲ ಸಾಕ್ಷಿ. 1992ರಲ್ಲಿ ಭಾರತದಿಂದ ಬಾರ್ಸಿಲೋನಾಕ್ಕೆ ಹೋದವರು ದೀಪಂಕರ್ ಭಟ್ಟಾಚಾರ್ಯ, ವಿಮಲ್ ಕುಮಾರ್, ಮಧುಮಿತಾ ಬಿಷ್ಟ್. ಮರಳಿ ಬಂದ ಎರಡು ವರ್ಷಕ್ಕೆ ವಿಮಲ್ ಅವರು ಪ್ರಕಾಶ್ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು.

ನಿಯಮ ಏನು ಹೇಳುತ್ತದೆ

ಪ್ಯಾರಿಸ್‌ಗೆ ಅರ್ಹತೆಯ ಅವಧಿ 2023ರ ಮೇ 1ರಿಂದ 2024ರ ಏಪ್ರಿಲ್ 28ರವರೆಗೆ ಇತ್ತು. ಆ ಅವಧಿಯಲ್ಲಿ ಆಡಿದ ಟೂರ್ನಿಗಳಿಂದ ಅಂಕ ಕೂಡುತ್ತಾರೆ. ಎಷ್ಟು ಟೂರ್ನಿ ಆಡಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮ ಹತ್ತು ಫಲಿತಾಂಶ. ವಿಶ್ವ ಟೂರ್‌ನ ಸೂಪರ್ 1000 ಟೂರ್ನಿ ಗೆದ್ದರೆ 12,000 ಅಂಕ, ಸೂಪರ್ 750 ಗೆದ್ದರೆ 11,000, ಸೂಪರ್ 500ಕ್ಕೆ 9,200, ಸೂಪರ್ 300ಕ್ಕೆ 7,000, ಸೂಪರ್ 100ಕ್ಕೆ 5,500. ಅದಕ್ಕೂ ಕೆಳಗಿನ ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದರೆ 4,000.

ಅವಧಿ ಮುಗಿದ ಮೇಲೆ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತಾರೆ. ಸಿಂಗಲ್ಸ್‌ನಲ್ಲಿ ಒಂದು ದೇಶದ ಇಬ್ಬರು ಹೋಗಬಹುದು, ಆದರೆ ಇಬ್ಬರೂ ಮೊದಲ 16ರೊಳಗೆ ಇರಬೇಕು. ಇಲ್ಲದಿದ್ದರೆ ಒಬ್ಬರೇ. ಡಬಲ್ಸ್‌ನಲ್ಲಿ ಎರಡು ಜೋಡಿ ಹೋಗಬೇಕಾದರೆ ಎರಡೂ ಮೊದಲ ಎಂಟರೊಳಗೆ ಇರಬೇಕು. ಪ್ರತಿ ಖಂಡಕ್ಕೂ ಪ್ರತಿ ವಿಭಾಗದಲ್ಲಿ ಒಂದು ಸ್ಥಾನ ಖಾತರಿ. ಆತಿಥೇಯ ದೇಶಕ್ಕೂ ಆಟಗಾರರು ಕಡಿಮೆಯಿರುವ ಸಣ್ಣ ದೇಶಗಳಿಗೂ ಕೆಲವು ಸ್ಥಾನ ಮೀಸಲು. ಭಾರತದಿಂದ ಪ್ಯಾರಿಸ್‌ಗೆ ಪ್ರಣಯ್, ಲಕ್ಷ್ಯ ಸೇನ್ ಇಬ್ಬರೂ ಹೋಗಲು ಸಾಧ್ಯವಾದದ್ದು ಇಬ್ಬರೂ 16ರೊಳಗಿದ್ದ ಕಾರಣಕ್ಕೆ. ಮಹಿಳಾ ಸಿಂಗಲ್ಸ್‌ನಲ್ಲಿ ಸಿಂಧು ಒಬ್ಬರೇ.

ಈ ನಿಯಮ ಸರಿಯೇ ಎಂಬ ಪ್ರಶ್ನೆಗೆ ಮುಖ್ಯವಾಗಿ ನಾಲ್ಕು ಬಗೆಯ ಉತ್ತರಗಳಿವೆ.

ಒಂದು: ವರ್ಷದ ದುಡಿಮೆಯೇ ಅಳತೆ

ಮೊದಲ ಗುಂಪಿನವರದು ಅಂಕಪಟ್ಟಿಯೇ ನ್ಯಾಯ ಎಂಬ ನಿಲುವು. ಒಂದು ದಿನದ ಮಿಂಚು ಸಾಲದು, ಊರೂರು ಸುತ್ತಿ ವರ್ಷವಿಡೀ ಗೆದ್ದು ತೋರಿಸಬೇಕು. ಇಲ್ಲಿ ಆಯ್ಕೆಗಾರರ ಒಲವಿಗೆ ಜಾಗವಿಲ್ಲ, ಶಿಫಾರಸು ನಡೆಯುವುದಿಲ್ಲ ಎನ್ನುತ್ತಾರೆ ಇವರು.

ಈ ವಾದದ ಬಲ ತಿಳಿಯಲು ಅಶ್ವಿನಿ ಪೊನ್ನಪ್ಪ ಅವರ ಕೊನೆಯ ಒಲಿಂಪಿಕ್ ಹಾದಿಯನ್ನು ಹತ್ತಿರದಿಂದ ನೋಡಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಈ ಕೊಡಗಿನ ಆಟಗಾರ್ತಿ ಜ್ವಾಲಾ ಗುಟ್ಟಾ ಜೊತೆ 2010ರಲ್ಲಿ ಕಾಮನ್‌ವೆಲ್ತ್ ಚಿನ್ನ, 2011ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದವರು. 2012, 2016ರ ಒಲಿಂಪಿಕ್ಸ್ ಆಡಿದವರು. ಟೋಕಿಯೊ ತಪ್ಪಿತು. ಆಮೇಲೆ ತನಗಿಂತ ತುಂಬ ಚಿಕ್ಕವರಾದ ತನಿಷಾ ಕ್ರಾಸ್ಟೊ ಜೊತೆ ಹೊಸದಾಗಿ ಜೋಡಿ ಕಟ್ಟಿದರು. ಡಬಲ್ಸ್‌ನಲ್ಲಿ ಅಂಕ ಸೇರುವುದು ಜೋಡಿಯ ಖಾತೆಗೆ. ಜೊತೆಗಾರ್ತಿ ಬದಲಾದರೆ ಹಳೆಯ ಸಾಧನೆ ಎಷ್ಟಿದ್ದರೂ ಹೊಸ ಜೋಡಿಯ ಖಾತೆ ಖಾಲಿಯಿಂದಲೇ ಶುರು.

ಹಾಗಾಗಿ ಅವರು ಏಣಿಯ ಕೆಳಗಿನ ಮೆಟ್ಟಿಲಿನಿಂದ ಹತ್ತಿದರು. 2023ರಲ್ಲಿ ಫ್ರಾನ್ಸಿನ ನಾಂತ್‌ನಲ್ಲಿ ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದರು: 4,000. ಅಬುಧಾಬಿಯಲ್ಲಿ ಸೂಪರ್ 100 ಗೆದ್ದರು: 5,500. ಲಖನೌದ ಸೈಯದ್ ಮೋದಿ ಸೂಪರ್ 300 ಟೂರ್ನಿಯಲ್ಲಿ ಫೈನಲ್ ತಲುಪಿ ಸೋತರು: 5,950. ಮುಂದೆ ಗುವಾಹಟಿಯಲ್ಲಿ ಮತ್ತೊಂದು ಸೂಪರ್ 100: 5,500. ನಾಲ್ಕೂ ಕೂಡಿದರೆ 20,950. ಇವುಗಳಲ್ಲಿ ಒಂದೂ ದೊಡ್ಡ ಟೂರ್ನಿಯಲ್ಲ, ಆದರೆ ಪ್ಯಾರಿಸ್‌ನ ದಾರಿಗೆ ಇವೇ ಬುನಾದಿಯಾದವು. ಅದೇ ಹೊತ್ತಿಗೆ ಟ್ರೀಸಾ ಜಾಲಿ, ಗಾಯತ್ರಿ ಗೋಪಿಚಂದ್ ಜೋಡಿ 2022, 2023ರಲ್ಲಿ ಸತತ ಎರಡು ಸಲ ಆಲ್ ಇಂಗ್ಲೆಂಡ್ ಸೆಮಿಫೈನಲ್ ತಲುಪಿತ್ತು. ಭಾರತಕ್ಕೆ ದಕ್ಕಿದ್ದು ಒಂದೇ ಸ್ಥಾನ. ಅದು ಅಶ್ವಿನಿ, ತನಿಷಾ ಅವರಿಗೆ ಹೋಯಿತು. ಹೆಸರು, ಗತವೈಭವ ಯಾವುದನ್ನೂ ಅಂಕಪಟ್ಟಿ ಕೇಳಲಿಲ್ಲ, ಅವಧಿಯೊಳಗಿನ ದುಡಿಮೆಯನ್ನು ಮಾತ್ರ ಎಣಿಸಿತು.

ದೋಷವೂ ಇದೇ ಕಥೆಯಲ್ಲಿದೆ. ಮೂರು ಸಣ್ಣ ಟೂರ್ನಿ ಗೆದ್ದರೆ ಬರುವ 12,000 ಅಂಕ, ಜಗತ್ತಿನ ಘಟಾನುಘಟಿಗಳನ್ನೆಲ್ಲ ಸೋಲಿಸಿ ಗೆಲ್ಲುವ ಒಂದು ಸೂಪರ್ 1000ಕ್ಕೆ ಸಮ. ಎಲ್ಲಿ ಆಡಬೇಕು ಎಂಬ ಯೋಜನೆಯೂ ಆಟದಷ್ಟೇ ಮುಖ್ಯವಾಗುತ್ತದೆ. ಗಾಯಗೊಂಡು ನಾಲ್ಕು ತಿಂಗಳು ಮಲಗಿದವರಿಗೆ ಹತ್ತು ಒಳ್ಳೆಯ ಫಲಿತಾಂಶ ಕೂಡಿಸುವುದೇ ಕಷ್ಟ. ಇನ್ನು ಹಣದ ಮಾತು. ಒಲಿಂಪಿಕ್ಸ್ ತಯಾರಿಗೆ ನೆರವು ಕೊಡುವ ಸರ್ಕಾರದ ಟಾಪ್ಸ್ ಯೋಜನೆಗೆ ಸೇರುವವರೆಗಿನ ಟೂರ್ನಿಗಳಿಗೆ ಕೈಯಿಂದಲೇ ಖರ್ಚು ಮಾಡಿದ್ದಾಗಿ ಅಶ್ವಿನಿ ಬಹಿರಂಗವಾಗಿ ಹೇಳಿದ್ದಾರೆ. ಎರಡು ಒಲಿಂಪಿಕ್ಸ್ ಆಡಿದವರಿಗೇ ಹೀಗಾದರೆ ಹೊಸಬರ ಪಾಡೇನು?

2021ರಲ್ಲಿ ಈ ಅಳತೆ ತೀರಾ ಅಸಹಾಯಕವಾಯಿತು. ಕೋವಿಡ್‌ನಿಂದ ಭಾರತ, ಮಲೇಷ್ಯಾ, ಸಿಂಗಪುರದ ಟೂರ್ನಿಗಳು ನಡೆಯಲೇ ಇಲ್ಲ. ಮೇ 28ರಂದು ವಿಶ್ವ ಫೆಡರೇಷನ್ ಇನ್ನು ಅರ್ಹತಾ ಟೂರ್ನಿಗಳಿಲ್ಲ ಎಂದು ಪ್ರಕಟಿಸಿತು. ಲಂಡನ್‌ನಲ್ಲಿ ಕಂಚು ತಂದಿದ್ದ ಸೈನಾ ನೆಹ್ವಾಲ್, ಒಂದು ಕಾಲಕ್ಕೆ ವಿಶ್ವದ ಮೊದಲ ಸ್ಥಾನದಲ್ಲಿದ್ದ ಶ್ರೀಕಾಂತ್ ಇಬ್ಬರೂ ಆ ಕೊನೆಯ ಟೂರ್ನಿಗಳ ಅಂಕಣಕ್ಕಿಳಿಯದೆಯೇ ಟೋಕಿಯೊ ಕಳೆದುಕೊಂಡರು. ಆಡಿ ಸೋತಿದ್ದರೆ ಬೇರೆ ಮಾತು.

ಎರಡು: ಒಲಿಂಪಿಕ್ಸ್ ಎಲ್ಲ ದೇಶಗಳದ್ದು

ಎರಡನೆಯ ಗುಂಪು ಪಾಲಿನ ನ್ಯಾಯವನ್ನು ಎತ್ತಿಹಿಡಿಯುತ್ತದೆ. ಒಲಿಂಪಿಕ್ಸ್ ಎಂದರೆ ಮತ್ತೊಂದು ಟೂರ್ನಿಯಲ್ಲ, ಅದು ದೇಶಗಳ ಕೂಟ. ಶಕ್ತಿಯೊಂದನ್ನೇ ನೋಡಿದರೆ ನಾಲ್ಕೈದು ದೇಶದವರೇ ಅಂಕಣ ತುಂಬುತ್ತಾರೆ ಎಂಬುದು ಇವರ ಆತಂಕ.

ಆತಂಕಕ್ಕೆ ಆಧಾರವಿದೆ. 1992ರ ಪುರುಷರ ಸಿಂಗಲ್ಸ್‌ನಲ್ಲಿ ಕೊಟ್ಟ ನಾಲ್ಕು ಪದಕಗಳಲ್ಲಿ ಮೂರು ಇಂಡೊನೇಷ್ಯಾಕ್ಕೆ ಹೋದವು. ಚಿನ್ನ ಅಲನ್ ಬುಡಿಕುಸುಮಾ ಅವರದು, ಬೆಳ್ಳಿ ಆರ್ಡಿ ವಿರಾನಟಾ ಅವರದು, ಎರಡು ಕಂಚುಗಳಲ್ಲಿ ಒಂದು ಹರ್ಮವಾನ್ ಸುಸಾಂತೊ ಅವರದು. 2012ರಲ್ಲಿ ಐದಕ್ಕೆ ಐದೂ ಚಿನ್ನ ಚೀನಾದ ಪಾಲಾಯಿತು. ಲಂಡನ್‌ವರೆಗೆ ಒಂದು ದೇಶದ ಮೂವರು ಮೊದಲ ನಾಲ್ಕರಲ್ಲಿದ್ದರೆ ಮೂವರಿಗೂ ಅವಕಾಶವಿತ್ತು. 2016ರಿಂದ ಅದನ್ನು ಎರಡಕ್ಕೆ ಇಳಿಸಿದರು.

ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಚೀನಾದ ಮೂರನೆಯ ಆಟಗಾರ ವಿಶ್ವದ ಹತ್ತನೆಯವನಾದರೂ ಮನೆಯಲ್ಲಿ ಕೂರಬೇಕು, ಅವನಿಗಿಂತ ಐವತ್ತು ಸ್ಥಾನ ಕೆಳಗಿರುವವನು ಒಲಿಂಪಿಕ್ಸ್ ಆಡುತ್ತಾನೆ. ಇದು ಅನ್ಯಾಯವಲ್ಲವೇ ಎಂದು ಕೇಳುವವರಿಗೆ ಈ ಗುಂಪು ಕೊಡುವ ಉತ್ತರ ಕೆವಿನ್ ಕಾರ್ಡನ್. ಮಧ್ಯ ಅಮೆರಿಕದ ಪುಟ್ಟ ದೇಶ ಗ್ವಾಟೆಮಾಲಾದ ಈ ಆಟಗಾರ ಟೋಕಿಯೊಗೆ ಬಂದಾಗ ವಿಶ್ವದಲ್ಲಿ 59ನೆಯವರು. ಅವರು ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆದರು. ಪಟ್ಟಿ ಮಾತ್ರವೇ ಅಳತೆಯಾಗಿದ್ದರೆ ಆ ಆಟ ಜಗತ್ತಿಗೆ ಕಾಣುತ್ತಿರಲಿಲ್ಲ.

ಆದರೆ ಈ ನಿಯಮದ ಹೊರೆ ಡಬಲ್ಸ್ ಮೇಲೆ ಹೆಚ್ಚು. ಸಿಂಗಲ್ಸ್‌ನಲ್ಲಿ ಎರಡನೆಯವರಿಗೆ 16ರ ಗೆರೆ, ಡಬಲ್ಸ್‌ನಲ್ಲಿ ಎಂಟರ ಗೆರೆ. ಟ್ರೀಸಾ, ಗಾಯತ್ರಿ ಹೊರಗುಳಿಯಲು ಕಾರಣ ಇದೇ. ಡಬಲ್ಸ್‌ಗೆ 16 ಜೋಡಿ ಮಾತ್ರ ಎಂಬ ಮಿತಿಯಿರುವಾಗ ಗೆರೆ ಬಿಗಿಯಾಗುವುದು ಸಹಜ ಎನ್ನಬಹುದು. ಆದರೆ ಡಬಲ್ಸ್ ಆಡುವವರು ಎಂದಿನಂತೆ ಎರಡನೆಯ ಸಾಲಿಗೆ ಸರಿಯುತ್ತಾರೆ ಎಂಬ ಕೊರಗೂ ಸುಳ್ಳಲ್ಲ.

ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಈ ಪಾಲಿನ ಪ್ರಶ್ನೆ ಇನ್ನೊಂದು ರೂಪದಲ್ಲಿದೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 14 ವಿಭಾಗಗಳು, ಪ್ಯಾರಿಸ್‌ನಲ್ಲಿ 16. ನಿಮ್ಮ ಅಂಗವೈಕಲ್ಯದ ವರ್ಗಕ್ಕೆ ಅಲ್ಲಿ ವಿಭಾಗವೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಆಡಿದರೂ ದಾರಿಯಿಲ್ಲ. ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಅವರ ಎಸ್‌ಎಲ್4 ವರ್ಗ ಎರಡೂ ಕೂಟಗಳಲ್ಲಿ ಇತ್ತು. ಎರಡರಲ್ಲೂ ಅವರು ಬೆಳ್ಳಿ ತಂದರು.

ಮೂರು: ಎದುರೆದುರು ಆಡಿಸಿ ಆರಿಸಿ

ಏಷ್ಯನ್ ಕ್ರೀಡಾಕೂಟ, ಕಾಮನ್‌ವೆಲ್ತ್ ಕೂಟಗಳ ದಾರಿ ಬೇರೆ. ಅಲ್ಲಿಗೆ ಯಾರನ್ನು ಕಳುಹಿಸಬೇಕು ಎಂಬುದನ್ನು ಆಯಾ ದೇಶದ ಸಂಸ್ಥೆ ಆರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಭಾರತ ಬ್ಯಾಡ್ಮಿಂಟನ್ ಸಂಸ್ಥೆ ಆ ವರ್ಷದ ಕೂಟಗಳಿಗಾಗಿ ದೆಹಲಿಯಲ್ಲಿ ಆಯ್ಕೆ ಟ್ರಯಲ್ಸ್ ನಡೆಸಿತು. ವಿಶ್ವದ ಮೊದಲ 15ರೊಳಗಿನವರಿಗೆ ನೇರ ಪ್ರವೇಶ, ಉಳಿದವರು ಆಡಿ ಗೆಲ್ಲಬೇಕು.

ಟ್ರಯಲ್ಸ್ ಪರವಾದವರ ವಾದ ಸರಳ. ಪಟ್ಟಿ ನಿನ್ನೆಯ ಲೆಕ್ಕ, ಪಂದ್ಯ ಇವತ್ತಿನ ಲೆಕ್ಕ. ಆ ಟ್ರಯಲ್ಸ್‌ನಿಂದ 14 ವರ್ಷದ ಉನ್ನತಿ ಹೂಡಾ ಭಾರತ ತಂಡಕ್ಕೆ ಬಂದರು. ಊರೂರು ಸುತ್ತಿ ಅಂಕ ಕೂಡಿಸುವ ವಯಸ್ಸಲ್ಲ ಅದು, ಅಷ್ಟು ಹಣ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ವಿರೋಧದ ವಾದವೂ ಅದೇ ಟ್ರಯಲ್ಸ್‌ನಲ್ಲಿ ಕೇಳಿಬಂತು. 2018ರ ಕಾಮನ್‌ವೆಲ್ತ್ ಚಾಂಪಿಯನ್ ಸೈನಾ, ಯುರೋಪಿನ ಟೂರ್ನಿಗಳಿಗೂ ಮುಂದಿನ ಏಷ್ಯನ್ ಚಾಂಪಿಯನ್‌ಷಿಪ್‌ಗೂ ನಡುವೆ ಟ್ರಯಲ್ಸ್ ಇಟ್ಟದ್ದನ್ನು ಬಹಿರಂಗವಾಗಿ ಆಕ್ಷೇಪಿಸಿ ದೂರ ಉಳಿದರು. ಚಿನ್ನ ಉಳಿಸಿಕೊಳ್ಳುವ ಅವಕಾಶವೂ ಹೋಯಿತು. ಆ ವರ್ಷದ ಏಷ್ಯನ್ ಕ್ರೀಡಾಕೂಟವೇ ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿ, 2023ರಲ್ಲಿ ಹೊಸದಾಗಿ ಆಯ್ಕೆ ನಡೆಸಬೇಕಾಯಿತು. ಒಂದು ವಾರದ ಆಟ ಒಂದು ವಾರಕ್ಕೆ ಮಾತ್ರ ಸಾಕ್ಷಿ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಾಲ್ಕು: ಸಾಲು ಶುರುವಾಗುವುದು ಎಲ್ಲಿ

ಈ ಮೂರೂ ಗುಂಪುಗಳು ಚರ್ಚಿಸುವುದು ಸಾಲಿನ ಮುಂದೆ ನಿಂತವರ ಬಗ್ಗೆ. ಸಾಲಿಗೆ ಸೇರುವುದೇ ಹೇಗೆ ಎಂದು ಕೇಳುವವರು ನಾಲ್ಕನೆಯ ಗುಂಪು. ನನ್ನ ಮನಸ್ಸು ಇವರ ಕಡೆಗಿದೆ.

ವಿಶ್ವ ಪಟ್ಟಿಯಲ್ಲಿ ಮೊದಲ ಅಂಕ ಬರಬೇಕಾದರೆ ಅಂತರರಾಷ್ಟ್ರೀಯ ಟೂರ್ನಿ ಆಡಬೇಕು. ಅದಕ್ಕೆ ಎಂಟ್ರಿ ಕಳುಹಿಸುವುದು ರಾಷ್ಟ್ರೀಯ ಸಂಸ್ಥೆ, ಆಟಗಾರ ತಾನೇ ಕಳುಹಿಸುವಂತಿಲ್ಲ. ರಾಷ್ಟ್ರೀಯ ಸಂಸ್ಥೆಯ ಕಣ್ಣಿಗೆ ಬೀಳಲು ಅಖಿಲ ಭಾರತ ರ‍್ಯಾಂಕಿಂಗ್ ಟೂರ್ನಿಗಳಲ್ಲಿ ಗೆಲ್ಲಬೇಕು. ಅಲ್ಲಿಗೆ ಮುಟ್ಟಲು ರಾಜ್ಯ ಮಟ್ಟದಲ್ಲಿ ಆಡಬೇಕು. ಕರ್ನಾಟಕದಲ್ಲಿ ಆ ಮಟ್ಟದ ಆಟದ ಬೇರು ಬೆಂಗಳೂರಿನ ಜಸ್ಮಾ ಭವನ ರಸ್ತೆಯಲ್ಲಿರುವ ರಾಜ್ಯ ಸಂಸ್ಥೆಯ ಅಂಕಣಗಳಲ್ಲಿ, ಅಲ್ಲಿನ ಅಕಾಡೆಮಿಗಳಲ್ಲಿ ಇದೆ. ನಮ್ಮ ಹೊನ್ನಾವರದಿಂದ ಅದು ಒಂದು ಇಡೀ ರಾತ್ರಿಯ ಬಸ್ ಪ್ರಯಾಣ.

ಹಳದೀಪುರದ ಹುಡುಗಿಯೊಬ್ಬಳ ಕಣ್ಣಿನಿಂದ ಈ ಏಣಿಯನ್ನು ನೋಡೋಣ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಅಂಗಳದ ಆಟವಿಲ್ಲ. ಉಳಿದ ತಿಂಗಳು ಗಾಳಿ. ಗಾಳಿಯಲ್ಲಿ ಕಲಿತ ಕೈ ಕಾಕ್ ಅನ್ನು ತಗ್ಗಿನಲ್ಲೇ ಹೊಡೆಯಲು ಒಗ್ಗಿಕೊಳ್ಳುತ್ತದೆ, ಏಕೆಂದರೆ ಎತ್ತರಕ್ಕೆ ಹೊಡೆದದ್ದು ಹೊರಗೆ ಹೋಗಿ ಬೀಳುತ್ತದೆ. ಸಿಂಗಲ್ಸ್ ಆಟದ ಜೀವಾಳವೇ ಹಿಂದಿನ ಗೆರೆಗೆ ಎತ್ತಿ ಹೊಡೆಯುವ ಹೊಡೆತ. ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳಿಗೆ ಚಾವಣಿ 12 ಮೀಟರ್ ಎತ್ತರ ಇರಬೇಕೆನ್ನುವುದು ಅದಕ್ಕಾಗಿಯೇ. ಗರಿಯ ಕಾಕ್ ಮುಟ್ಟದೆ, ಮರದ ನೆಲದ ಮೇಲೆ ಓಡದೆ ಹದಿನಾಲ್ಕು ವರ್ಷ ದಾಟಿದ ಹುಡುಗಿ ಬೆಂಗಳೂರಿಗೆ ಹೋದಾಗ ಆಟವನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಅವಳು ಯಾವ ಪಟ್ಟಿಯಲ್ಲೂ ಕೆಳಗಿಲ್ಲ. ಅವಳ ಹೆಸರೇ ಪಟ್ಟಿಯಲ್ಲಿಲ್ಲ.

1956ರವರೆಗೆ ಉತ್ತರ ಕನ್ನಡ ಮುಂಬಯಿಗೆ ಸೇರಿತ್ತು, ಆಗ ದೊಡ್ಡ ಆಟಕ್ಕೆ ಅತ್ತ ನೋಡಬೇಕಿತ್ತು. ಈಗ ಬೆಂಗಳೂರಿನತ್ತ ನೋಡಬೇಕು. ರಾಜಧಾನಿ ಬದಲಾಯಿತು, ದೂರ ಹಾಗೇ ಉಳಿಯಿತು. ಪ್ರಕಾಶ್ ಪಡುಕೋಣೆ ಅವರ ಮನೆತನದ ಊರು ಕರಾವಳಿಯಾದರೂ ಅವರಿಗೆ ಸಿಕ್ಕ ಚಾವಣಿ ಮಲ್ಲೇಶ್ವರದ್ದು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಪ್ರತಿಭೆಯ ಜೊತೆ ಚಾವಣಿಯೂ ದಾರಿ ತೋರುವ ಹಿರಿಯರೂ ಇದ್ದರು. ಮದುವೆಯ ನಡುವೆ ಬಿಡುವಾದ ಒಂದು ಸಭಾಂಗಣ ಒಬ್ಬ ಆಲ್ ಇಂಗ್ಲೆಂಡ್ ಚಾಂಪಿಯನ್‌ನನ್ನು ಕೊಟ್ಟಿತು ಎಂದ ಮೇಲೆ ಬೇಕಾದದ್ದು ಅರಮನೆಯಲ್ಲ ಎಂಬುದೂ ಸ್ಪಷ್ಟ.

ಈ ಗುಂಪಿನ ವಾದಕ್ಕೂ ಮಿತಿಯಿದೆ. ಊರೂರಿಗೆ ಚಾವಣಿ ಹಾಕಿದ ಮಾತ್ರಕ್ಕೆ ಒಲಿಂಪಿಕ್ ಆಟಗಾರರು ಹುಟ್ಟುವುದಿಲ್ಲ. ಒಳ್ಳೆಯ ಕೋಚ್‌ಗಳೂ ಸರಿಸಮಾನ ಎದುರಾಳಿಗಳೂ ಒಂದೆಡೆ ಸೇರಬೇಕಾಗುತ್ತದೆ. ಬೆಂಗಳೂರು, ಹೈದರಾಬಾದಿನ ಅಕಾಡೆಮಿಗಳು ಗೆದ್ದದ್ದು ಹಾಗೆ ಸೇರಿಸಿದ್ದರಿಂದಲೇ. ಅಲ್ಮೋರಾದ ಲಕ್ಷ್ಯ ಸೇನ್ ಬೆಂಗಳೂರಿಗೆ ಬಂದು ಪ್ರಕಾಶ್, ವಿಮಲ್ ಅವರ ಕೈಯಲ್ಲಿ ಬೆಳೆದು ಪ್ಯಾರಿಸ್‌ನಲ್ಲಿ ನಾಲ್ಕನೆಯವರಾದರು. ಆದರೆ ಅಲ್ಮೋರಾದಲ್ಲಿ ಅವರಿಗೆ ಕೋಚ್ ಆಗಿದ್ದ ತಂದೆಯೇ ಇದ್ದರು ಎಂಬುದನ್ನು ಮರೆಯಬಾರದು.

ಇನ್ನೂ ಬಗೆಹರಿಯದವು

ನಾಲ್ಕು ವಾದಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಅಂಕಪಟ್ಟಿ ಪಕ್ಷಪಾತ ತಡೆಯುತ್ತದೆ, ಪಾಲಿನ ನಿಯಮ ಕೂಟವನ್ನು ಜಗತ್ತಿನದಾಗಿಸುತ್ತದೆ, ಟ್ರಯಲ್ಸ್ ಹೊಸಬರಿಗೆ ಬಾಗಿಲು ತೆರೆಯುತ್ತದೆ, ನಾಲ್ಕನೆಯದು ಬಾಗಿಲ ಹೊರಗಿನವರನ್ನು ನೆನಪಿಸುತ್ತದೆ. ಉಳಿದಿರುವ ಪ್ರಶ್ನೆಗಳು ಇವು.

ಡಬಲ್ಸ್‌ನ ಎಂಟರ ಗೆರೆ ಸಡಿಲಗೊಳ್ಳಬೇಕೇ? ಜೋಡಿ ಬದಲಿಸಿದವರ ಹಿಂದಿನ ಅಂಕಗಳಿಗೆ ಬೆಲೆಯಿರಬೇಕೇ? ಸಾಂಕ್ರಾಮಿಕದಂಥ ಆಪತ್ತು ಮತ್ತೆ ಬಂದರೆ ನಿಂತುಹೋದ ಟೂರ್ನಿಗಳ ನಷ್ಟ ಯಾರ ಲೆಕ್ಕಕ್ಕೆ? ಅರ್ಹತೆ ಪಡೆದ ಮೇಲಿನ ಗುಂಪು ಹಂತವೂ ಪ್ರಶ್ನೆಯೇ. 2012ರಲ್ಲಿ ಸುಲಭದ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಹೋದ ನಾಲ್ಕು ಜೋಡಿಗಳ ಎಂಟು ಆಟಗಾರ್ತಿಯರನ್ನು ಹೊರಹಾಕಿದರು. ಟೋಕಿಯೊದಲ್ಲಿ ಭಾರತದ ಸಾತ್ವಿಕ್, ಚಿರಾಗ್ ಡಬಲ್ಸ್ ಜೋಡಿ ಗುಂಪಿನ ಮೂರರಲ್ಲಿ ಎರಡು ಪಂದ್ಯ ಗೆದ್ದರೂ, ಮುಂದೆ ಚಿನ್ನ ಗೆದ್ದ ಜೋಡಿಯನ್ನೇ ಸೋಲಿಸಿದ್ದರೂ ಕ್ವಾರ್ಟರ್‌ಫೈನಲ್ ಕಾಣಲಿಲ್ಲ. ಈ ನಡುವೆ ದಾರಿಯೊಂದು ಮುಚ್ಚಿಯೂ ಹೋಗಿದೆ: 2026ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಕ್ರೀಡೆಗಳ ಪಟ್ಟಿಯಲ್ಲಿ ಬ್ಯಾಡ್ಮಿಂಟನ್ ಇಲ್ಲ.

ಇವಕ್ಕೆಲ್ಲ ಉತ್ತರ ಹುಡುಕಬೇಕಾದವರು ವಿಶ್ವ ಫೆಡರೇಷನ್ನಿನವರು, ಒಲಿಂಪಿಕ್ ಸಮಿತಿಯವರು. ನಮ್ಮ ಕೈಯಲ್ಲಿರುವುದು ನಾಲ್ಕನೆಯ ಪ್ರಶ್ನೆ. ಹೊನ್ನಾವರ, ಕುಮಟಾ, ಭಟ್ಕಳದ ಒಂದೊಂದು ಸಭಾಂಗಣ ವಾರದಲ್ಲಿ ನಾಲ್ಕು ಸಂಜೆ ಮಕ್ಕಳ ಆಟಕ್ಕೆ ತೆರೆದಿರಲಿ. ಊರಿನ ಹೊನಲು ಬೆಳಕಿನ ಟೂರ್ನಿಗೆ ಸೇರುವ ವಂತಿಗೆಯಲ್ಲಿ ಒಂದು ಪಾಲು ಗರಿಯ ಕಾಕ್‌ಗೂ ಮಕ್ಕಳನ್ನು ರಾಜ್ಯ ಟೂರ್ನಿಗೆ ಕಳುಹಿಸುವ ಬಸ್ ಚಾರ್ಜಿಗೂ ಹೋಗಲಿ. ಒಲಿಂಪಿಕ್ಸ್ ಅರ್ಹತೆಯ ಮೊದಲ ಸುತ್ತು ನಡೆಯಬೇಕಾದದ್ದು ಅಲ್ಲೇ.